ಸರ್ವರ್ ಬದಲಾಯಿಸಿದ್ದು ಯಾರಿಗೂ ಗೊತ್ತಾಗಬಾರದಿತ್ತು

ಜೂನ್ ತಿಂಗಳಲ್ಲಿ ಶಿವಮೊಗ್ಗದಲ್ಲಿ ಕೂತು ಸರ್ವರ್ ಬದಲಾಯಿಸೋಕೆ ಹೊರಡುವುದು ಬುದ್ಧಿವಂತರ ಲಕ್ಷಣ ಅಲ್ಲ. ಮಳೆ ಹಿಡಿದರೆ ಕರೆಂಟ್ ಹೋಗುತ್ತದೆ. ಕರೆಂಟ್ ಇದ್ದರೆ ಎಲ್ಲೋ ಒಂದು ಕೊಂಬೆ ಕೇಬಲ್ ಮೇಲೆ ಬಿದ್ದು ಇಂಟರ್ನೆಟ್ ಹೋಗುತ್ತದೆ. ಎರಡೂ ಇದ್ದರೆ ಇನ್ನೇನೋ ಕಾದಿದೆ ಅಂತ ಅನುಮಾನ ಶುರುವಾಗುತ್ತದೆ. ಆದರೂ 2024ರ ಜೂನ್ 15, ಶನಿವಾರ ರಾತ್ರಿ ಹನ್ನೊಂದಕ್ಕೆ ನಾನು ಕೂತೆ. ಜೂನ್ 30ಕ್ಕೆ ನನ್ನ ಸರ್ವರಿನ ಆಪರೇಟಿಂಗ್ ಸಿಸ್ಟಂ ಸೆಂಟ್‌ಓಎಸ್ 7ರ ಆಯಸ್ಸು ಮುಗಿಯುತ್ತಿತ್ತು, ಅಂದರೆ ಆಮೇಲೆ ತೂತು ಮುಚ್ಚುವ ಪ್ಯಾಚ್ ಬರಲ್ಲ. ನನ್ನ 183 ಗಿರಾಕಿಗಳ ವೆಬ್‌ಸೈಟು, ಮೇಲು ಎಲ್ಲ ಅದರ ಮೇಲೇ ಇತ್ತು. ಮುಂಚೆಯೇ ಮಾಡಬಹುದಿತ್ತಲ್ವಾ ಅಂತ ಕೇಳಬೇಡಿ. ಹೆಂಡತಿ ಕೇಳಿಯಾಗಿದೆ.

ನನ್ನದು ಸಣ್ಣ ಹೋಸ್ಟಿಂಗ್ ವ್ಯಾಪಾರ, ಅಂದರೆ ಬೇರೆಯವರ ವೆಬ್‌ಸೈಟು, ಮೇಲು ನನ್ನ ಸರ್ವರಿನಲ್ಲಿಟ್ಟು ನೋಡಿಕೊಳ್ಳುವುದು. ಗಿರಾಕಿಗಳು ಅಂದರೆ ಶಾಲೆಗಳು, ಅಡಿಕೆ ಮಂಡಿಗಳು, ಕಲ್ಯಾಣ ಮಂಟಪಗಳು, ಆಡಿಟರ್ ಆಫೀಸುಗಳು, ಸಾಗರದ ಕಡೆಯ ಹೋಮ್‌ಸ್ಟೇಗಳು. ಇವರಲ್ಲಿ ಒಬ್ಬರಿಗೂ ಸರ್ವರಿನಲ್ಲಿ ಯಾವ ಆಪರೇಟಿಂಗ್ ಸಿಸ್ಟಂ ಇದೆ ಅಂತ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. ಅವರ ಪಾಲಿಗೆ ಸೈಟ್ ಓಪನ್ ಆಗಬೇಕು, ಮೇಲ್ ಬರಬೇಕು. ನಮ್ಮ ಕಸುಬಿನಲ್ಲಿ ಕೆಲಸ ಚೆನ್ನಾಗಿ ಆಗಿದೆ ಅನ್ನೋದಕ್ಕೆ ಗುರುತು ಒಂದೇ. ಫೋನ್ ಬರಲ್ಲ.

ಸೆಂಟ್‌ಓಎಸ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ರೆಡ್ ಹ್ಯಾಟ್ ಅಂತ ಒಂದು ಕಂಪನಿ. ಅವರ ಎಂಟರ್‌ಪ್ರೈಸ್ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಬೇಕಾದರೆ ವರ್ಷಾವರ್ಷ ದುಡ್ಡು ಕೊಟ್ಟು ಚಂದಾದಾರರಾಗಬೇಕು. ಆದರೆ ಲಿನಕ್ಸ್ ಮುಕ್ತ ತಂತ್ರಾಂಶ. ಅದರ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಹೊರಗೆ ಸಿಗುತ್ತಿತ್ತು. 2004ರಲ್ಲಿ ಒಂದಷ್ಟು ಜನ ಆ ಸೋರ್ಸನ್ನೇ ತಗೊಂಡು, ರೆಡ್ ಹ್ಯಾಟಿನ ಹೆಸರು, ಟೋಪಿ ಗುರುತು ತೆಗೆದು, ಮತ್ತೆ ಕಟ್ಟಿ, ಬಿಟ್ಟಿಯಾಗಿ ಹಂಚೋಕೆ ಶುರು ಮಾಡಿದರು. ಅದೇ ಸೆಂಟ್‌ಓಎಸ್. ಅದೇ ಅಡುಗೆ, ಬೇರೆ ತಟ್ಟೆ. ಒಂದು ವರ್ಶನ್ ಹಾಕಿದರೆ ಹತ್ತು ವರ್ಷ ಪ್ಯಾಚ್ ಬರುತ್ತಿತ್ತು. ಹೋಸ್ಟಿಂಗ್‌ನವರಿಗೆ ಇನ್ನೇನು ಬೇಕು? ಪ್ರಪಂಚದ ಸಣ್ಣಪುಟ್ಟ ಹೋಸ್ಟಿಂಗ್ ಅಂಗಡಿಗಳು ಅದರ ಮೇಲೇ ಬೆಳೆದವು. ನಾನೂ.

ಈ ಯೋಜನೆಯ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಒಂದು ಪ್ರಸಂಗ ಇದೆ. 2009ರ ಜುಲೈನಲ್ಲಿ ಸೆಂಟ್‌ಓಎಸ್ ಕಟ್ಟುತ್ತಿದ್ದ ಡೆವಲಪರುಗಳು ತಮ್ಮದೇ ಸ್ಥಾಪಕರಲ್ಲಿ ಒಬ್ಬರಿಗೆ ಬಹಿರಂಗ ಪತ್ರ ಬರೆದರು. ಸೆಂಟ್‌ಓಎಸ್ ಡೊಮೇನ್, ಅಂದರೆ ವೆಬ್ ವಿಳಾಸದ ಹೆಸರು, ಅವರ ಕೈಯಲ್ಲಿತ್ತು, ದೇಣಿಗೆ ಬರುವ ಖಾತೆಯೂ ಅವರ ಕೈಯಲ್ಲಿತ್ತು, ಆದರೆ ಆಸಾಮಿ ಮಾತಿಗೆ ಸಿಗುತ್ತಿರಲಿಲ್ಲ. ಕೊನೆಗೆ ಮಾತುಕತೆಯಾಗಿ ಬಗೆಹರಿಯಿತು. ಇದನ್ನು ಯಾಕೆ ಹೇಳಿದೆ ಅಂದರೆ, ಲಕ್ಷಾಂತರ ಸರ್ವರುಗಳು ನಿಂತಿದ್ದ ಯೋಜನೆಯ ಪಾಡೂ ನಮ್ಮೂರಿನ ಶಾಲೆಯ ವೆಬ್‌ಸೈಟಿನ ಪಾಡೂ ಒಂದೇ. ಮುಂದೆ ಮತ್ತೆ ಬರುತ್ತದೆ ಈ ಮಾತು.

2014ರ ಜನವರಿಯಲ್ಲಿ ರೆಡ್ ಹ್ಯಾಟ್ ಕಂಪನಿಯೇ ಸೆಂಟ್‌ಓಎಸ್ ಅನ್ನು ಜೊತೆಗೆ ಸೇರಿಸಿಕೊಂಡಿತು. ಮುಖ್ಯ ಡೆವಲಪರುಗಳಿಗೆ ಅಲ್ಲೇ ಸಂಬಳ. ನಾವೆಲ್ಲ ಒಳ್ಳೆಯದೇ ಆಯ್ತು ಅಂದುಕೊಂಡೆವು.

ಈಗ 2020. ಸೆಂಟ್‌ಓಎಸ್ 6ರ ಅವಧಿ ನವೆಂಬರ್ 30ಕ್ಕೆ ಮುಗಿಯುತ್ತಿತ್ತು. ನಾನು ದೀಪಾವಳಿ ಬಿಟ್ಟು, ಕತ್ತು ನೋಯಿಸಿಕೊಂಡು, ಎಲ್ಲ ಸೈಟುಗಳನ್ನೂ 7ಕ್ಕೆ ದಾಟಿಸಿದ್ದೆ. 8 ಆಗಲೇ ಬಂದು ಒಂದು ವರ್ಷವಾಗಿತ್ತು. ಆದರೆ ಹೊಸಕ್ಕಿ ಸ್ವಲ್ಪ ಹಳೆಯದಾಗಲಿ ಅಂತ ಬಿಟ್ಟಿದ್ದೆ. ಬ್ಯಾಕಪ್ ಇಡುವ ಒಂದು ಸಣ್ಣ ಮೆಷಿನ್ನಿಗೆ ಮಾತ್ರ 8 ಹಾಕಿದ್ದೆ. 2029ರ ಮೇವರೆಗೆ ಅದರ ತಂಟೆಗೆ ಹೋಗಬೇಕಿಲ್ಲ ಅಂತ ಲೆಕ್ಕ. ಡಿಸೆಂಬರ್ 8ಕ್ಕೆ ಸುದ್ದಿ ಬಂತು. ಸೆಂಟ್‌ಓಎಸ್ 8 ಅನ್ನು 2021ರ ಡಿಸೆಂಬರ್ 31ಕ್ಕೇ ನಿಲ್ಲಿಸುತ್ತೇವೆ, ಇನ್ನು ಮುಂದೆ ಸೆಂಟ್‌ಓಎಸ್ ಸ್ಟ್ರೀಮ್ ಮಾತ್ರ ಅಂತ. ಸ್ಟ್ರೀಮ್ ಅಂದರೆ ರೆಡ್ ಹ್ಯಾಟಿನ ಮುಂದಿನ ಬಿಡುಗಡೆಗೆ ಹೋಗುವ ಬದಲಾವಣೆಗಳು ಮೊದಲು ಇಳಿಯುವ ಜಾಗ. ತಟ್ಟೆಗೆ ಬಡಿಸಿದ ಊಟ ಅಲ್ಲ, ಇನ್ನೂ ಒಲೆ ಮೇಲಿರುವ ಪಾತ್ರೆ.

2014ರ 7 ಮಾತ್ರ ಮೊದಲೇ ಹೇಳಿದಂತೆ 2024ರ ಜೂನ್ 30ರವರೆಗೂ ಇರುತ್ತದಂತೆ. ಅಣ್ಣನಿಗಿಂತ ಎರಡೂವರೆ ವರ್ಷ ಮೊದಲೇ ತಮ್ಮ ಹೋಗುವುದು. ನನ್ನ ಸೋಮಾರಿತನವೇ ನನ್ನನ್ನು ಕಾಪಾಡಿತ್ತು.

ಆ ದಿನಗಳಲ್ಲಿ ಇಂಟರ್ನೆಟ್ ತುಂಬ ಬೈಗುಳ. ಮೋಸ, ದ್ರೋಹ ಅಂತೆಲ್ಲ. ನಾನೂ ಒಂದೆರಡು ದಿನ ಕುದಿದೆ. ಆಮೇಲೆ ಸ್ನಾನ ಮಾಡುವಾಗಲೋ ಏನೋ ಒಂದು ಯೋಚನೆ ಬಂತು. ಅಷ್ಟು ವರ್ಷದಲ್ಲಿ ನಾನು ಇವರಿಗೆ ಕೊಟ್ಟ ದುಡ್ಡೆಷ್ಟು? ಸೊನ್ನೆ. ಒಂದು ಬಗ್ ವರದಿ ಮಾಡಿದ್ದೇನಾ? ಇಲ್ಲ. ನಾನು ಗಿರಾಕಿಗಳಿಗೆ 'ಏನೂ ಚಿಂತೆ ಮಾಡಬೇಡಿ, ನಾನಿದ್ದೇನೆ' ಅಂತ ಧೈರ್ಯವಾಗಿ ಹೇಳಿ ದುಡ್ಡು ತಗೋತಿದ್ದೆ. ಆ ಧೈರ್ಯ ನನ್ನದಾಗಿರಲಿಲ್ಲ. ಯಾರೋ ಕೊಟ್ಟ ಮಾತನ್ನು ನಾನು ನನ್ನ ಬಿಲ್ ಪುಸ್ತಕದಲ್ಲಿ ಬರೆದು ಮಾರಿಕೊಂಡಿದ್ದೆ. ಅವರು ಮಾತು ಹಿಂದಕ್ಕೆ ತಗೊಂಡಾಗ ಕೋಪ ಬಂತು ನಿಜ. ಆದರೆ ಅದನ್ನು ಯಾರ ಮುಂದೆ ತೀರಿಸಿಕೊಳ್ಳಲಿ? ರಸೀದಿ ಎಲ್ಲಿದೆ?

ಸುದ್ದಿ ಬಂದ ಸ್ವಲ್ಪ ದಿನಕ್ಕೇ ಬದಲಿಗಳು ಹುಟ್ಟಿದವು. ಸೆಂಟ್‌ಓಎಸ್ ಸ್ಥಾಪಕರಲ್ಲಿ ಒಬ್ಬರಾದ ಗ್ರೆಗರಿ ಕುರ್ಟ್ಜರ್ ರಾಕಿ ಲಿನಕ್ಸ್ ಘೋಷಿಸಿದರು. ತೀರಿಹೋದ ಇನ್ನೊಬ್ಬ ಸಹಸ್ಥಾಪಕ ರಾಕಿ ಮೆಕ್‌ಗಾ ಅವರ ನೆನಪಿಗೆ ಆ ಹೆಸರು. ಇನ್ನೊಂದು ಕಡೆ ಕ್ಲೌಡ್‌ಲಿನಕ್ಸ್ ಕಂಪನಿ ಆಲ್ಮಾಲಿನಕ್ಸ್ ತಂದಿತು. ಆಲ್ಮಾ ಅಂದರೆ ಸ್ಪ್ಯಾನಿಷ್‌ನಲ್ಲಿ ಆತ್ಮ ಅಂತೆ. ಆಲ್ಮಾ 2021ರ ಮಾರ್ಚ್ 30ಕ್ಕೇ ಕೈಗೆ ಸಿಕ್ಕಿತು, ರಾಕಿ ಜೂನ್‌ನಲ್ಲಿ. ನನ್ನ ಬ್ಯಾಕಪ್ ಮೆಷಿನ್ನಿನ ಸೆಂಟ್‌ಓಎಸ್ 8 ಅನ್ನು ಆಲ್ಮಾಲಿನಕ್ಸ್ 8 ಮಾಡಿದ್ದು ಒಂದು ಸ್ಕ್ರಿಪ್ಟ್ ಓಡಿಸಿ. ಕಾಫಿ ಕುಡಿದು ಬರೋಷ್ಟರಲ್ಲಿ ಪ್ಯಾಕೇಜುಗಳೆಲ್ಲ ಹೊಸ ಹೆಸರಿನವು. ಒಂದು ರೀಬೂಟ್, ಅಷ್ಟೆ. ಇಷ್ಟೇನಾ ಅನ್ನಿಸಿತು. ಆ ಸುಲಭವೇ ನನ್ನನ್ನು ಕೆಡಿಸಿದ್ದು. 7ರದ್ದೂ ಹೀಗೇ ಆಗುತ್ತೆ, 2024 ಬರಲಿ ನೋಡೋಣ ಅಂತ ಮೂರು ವರ್ಷ ಮಲಗಿದೆ.

ಒಂದೇ ವರ್ಶನ್ನಿನ ಒಳಗೆ ಹೆಸರು ಬದಲಾಯಿಸುವುದು ಬೇರೆ, 7ರಿಂದ ಮೇಲಕ್ಕೆ ಹೋಗುವುದು ಬೇರೆ. ಓಎಸ್ಸಿನ ತಿರುಳಾದ ಕರ್ನಲ್ 7ರಲ್ಲಿ 3.10, 9ರಲ್ಲಿ 5.14. ನಡುವೆ ಪೈಥಾನ್ ಭಾಷೆಯ 2 ಹೋಗಿ 3 ಬಂದಿದೆ, ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್‌ನ 3 ಬಂದಿದೆ. ಇದ್ದ ಜಾಗದಲ್ಲೇ ಮೇಲೇರಿಸೋಕೆ ಆಲ್ಮಾದವರದ್ದೇ ಎಲಿವೇಟ್ ಅಂತ ಉಪಕರಣ ಇದೆ. ಅದು ಕೆಲಸ ಮಾಡುತ್ತದೆ, ಸುಳ್ಳು ಹೇಳಬಾರದು. ಆದರೆ ಅದು ಮನೆಯೊಳಗೆ ಸಂಸಾರ ಇಟ್ಟುಕೊಂಡೇ ಹೆಂಚು ತೆಗೆದು ತಾರಸಿ ಹಾಕಿದ ಹಾಗೆ. ನಾನು ಸರ್ವರಿನ ಒಂದು ನಕಲು ಮಾಡಿ ಪ್ರಯತ್ನಿಸಿದೆ. ಅರ್ಧ ದಾರಿಯಲ್ಲಿ ರೀಬೂಟ್ ಆಗಿದ್ದು ಮೇಲೇಳಲೇ ಇಲ್ಲ. ತಪ್ಪು ಬಹುಶಃ ನಾನು ವರ್ಷಗಳಿಂದ ಅಲ್ಲಲ್ಲಿ ತುರುಕಿದ ಹೊರಗಿನ ಪ್ಯಾಕೇಜುಗಳದ್ದು. ಕಪ್ಪು ಪರದೆ ನೋಡಿಕೊಂಡು ಅವತ್ತೇ ತೀರ್ಮಾನ ಮಾಡಿದೆ. ಹೊಸ ಮೆಷಿನ್, ಹೊಸ ಓಎಸ್, ಸೈಟುಗಳನ್ನು ಒಂದೊಂದಾಗಿ ಹೊತ್ತು ಸಾಗಿಸುವುದು. ಹಳೆಯದು ಹಾಗೇ ಇರಲಿ. ಎಡವಿದರೆ ವಾಪಸ್ ಬರೋಕೆ ಮನೆ ಇರುತ್ತೆ.

ಯಾವ ಓಎಸ್ ಅನ್ನೋದಕ್ಕೆ ಬಹಳ ತಲೆ ಕೆಡಿಸಿಕೊಂಡೆ. ಮನೆಯ ಲ್ಯಾಪ್‌ಟಾಪಿನಲ್ಲಿ ನಾನು ಬಳಸುವುದು ಡೆಬಿಯನ್ ಅನ್ನೋ ಬೇರೆ ಮನೆತನದ ಲಿನಕ್ಸ್. ಮನಸ್ಸು ಅಲ್ಲೇ. ಆದರೆ ನಾವು ಬಳಸುವ ಕಂಟ್ರೋಲ್ ಪ್ಯಾನೆಲ್ಲು, ಕೈಗೆ ರೂಢಿಯಾದ ಕಮಾಂಡುಗಳು, ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಯಾವ ಫೈಲ್ ಎಲ್ಲಿರುತ್ತೆ ಅಂತ ಬೆರಳಿಗೇ ಗೊತ್ತಿರೋದು, ಎಲ್ಲ ರೆಡ್ ಹ್ಯಾಟ್ ಮನೆತನದ್ದು. 2023ರ ಜೂನ್‌ನಲ್ಲಿ ಇನ್ನೊಂದು ಏಟು ಬಿದ್ದಿತ್ತು. ರೆಡ್ ಹ್ಯಾಟ್ ತನ್ನ ಎಂಟರ್‌ಪ್ರೈಸ್ ಸೋರ್ಸನ್ನು ಎಲ್ಲರಿಗೂ ಕಾಣುವ ಹಾಗೆ ಇಡುವುದನ್ನು ನಿಲ್ಲಿಸಿತು. ಇನ್ನು ಮುಂದೆ ಗಿರಾಕಿಗಳಿಗೆ ಮಾತ್ರ. ಹೊರಗಿನವರಿಗೆ ಸ್ಟ್ರೀಮಿನ ಸೋರ್ಸ್. ಆಗ ಆಲ್ಮಾದವರು ಜುಲೈನಲ್ಲಿ ನೇರವಾಗಿ ಹೇಳಿದರು: ಇನ್ನು ನಾವು ಅಚ್ಚಿಗೆ ಅಚ್ಚು ನಕಲು ಮಾಡಲ್ಲ, ರೆಡ್ ಹ್ಯಾಟಿನಲ್ಲಿ ಓಡುವ ತಂತ್ರಾಂಶ ನಮ್ಮಲ್ಲೂ ಓಡುವ ಹಾಗೆ ನೋಡಿಕೊಳ್ಳುತ್ತೇವೆ, ಅಷ್ಟೆ. ನನಗೆ ಈ ನೇರ ಮಾತು ಹಿಡಿಸಿತು. ಇನ್ನೊಂದು ಸ್ವಾರ್ಥದ ಲೆಕ್ಕವೂ ಇತ್ತು. ಆಲ್ಮಾ ಶುರು ಮಾಡಿದ ಕ್ಲೌಡ್‌ಲಿನಕ್ಸ್‌ನವರು ಬದುಕುವುದೇ ನಮ್ಮಂಥ ಹೋಸ್ಟಿಂಗ್‌ನವರಿಗೆ ಸರಕು ಮಾರಿ. ಅವರು ನಮ್ಮನ್ನು ನಡುನೀರಲ್ಲಿ ಬಿಟ್ಟರೆ ಅವರಿಗೇ ನಷ್ಟ. ಬಿಟ್ಟಿ ಕೊಡುವವನಿಗೆ ಕೊಡುವುದರಿಂದ ಏನು ಲಾಭ ಅಂತ ಮೊದಲು ಕೇಳಬೇಕು ಅನ್ನೋದು 2020ರಲ್ಲಿ ಕಲಿತ ಪಾಠ. ರಾಕಿ ಆರಿಸಿಕೊಂಡ ಸ್ನೇಹಿತರೂ ಸುಖವಾಗಿದ್ದಾರೆ, ಅದನ್ನೂ ಹೇಳಿಬಿಡುತ್ತೇನೆ.

ಹಾಗೆ ಆಲ್ಮಾಲಿನಕ್ಸ್ 9. ಇದೇ ನೆಪದಲ್ಲಿ ಜರ್ಮನಿಯಲ್ಲಿದ್ದ ಸರ್ವರನ್ನು ಮುಂಬೈಗೆ ತಂದೆ. ಗಿರಾಕಿಗಳೆಲ್ಲ ಇಲ್ಲಿಯವರೇ, ಸೈಟ್ ಯಾಕೆ ಸಮುದ್ರ ದಾಟಿ ಬರಬೇಕು? 2020ರಲ್ಲಿ ಅದೇ ಡೇಟಾ ಸೆಂಟರ್ ಒಳಗೇ ಬದಲಾಯಿಸಿದ್ದರಿಂದ ಹಳೇ ಐಪಿ ನಂಬರೇ ಉಳಿದಿತ್ತು. ಈ ಸಲ ಅದೂ ಬದಲು.

ಐಪಿ ಬದಲಾಗುವುದು ಅಂದರೆ ಮನೆ ವಿಳಾಸ ಬದಲಾದ ಹಾಗೆ. ಸೈಟಿನ ಹೆಸರಿಗೆ ಐಪಿ ಹೇಳುವ ಪಟ್ಟಿಗೆ ಡಿಎನ್‌ಎಸ್ ಅಂತಾರೆ. ಅದರಲ್ಲಿ ಹೊಸ ವಿಳಾಸ ಬರೆದರೂ ಪ್ರಪಂಚದ ಬೇರೆ ಬೇರೆ ಕಂಪ್ಯೂಟರುಗಳು ಹಳೆಯದನ್ನೇ ಸ್ವಲ್ಪ ಹೊತ್ತು ನೆನಪಿಟ್ಟುಕೊಂಡಿರುತ್ತವೆ. ಎಷ್ಟು ಹೊತ್ತು ಅಂತ ಹೇಳುವುದು ಟಿಟಿಎಲ್. ನಮ್ಮಲ್ಲಿ ಅದು 14400 ಸೆಕೆಂಡ್ ಇತ್ತು, ಅಂದರೆ ನಾಲ್ಕು ಗಂಟೆ. ಒಂದು ವಾರ ಮೊದಲೇ 300ಕ್ಕೆ ಇಳಿಸಿಟ್ಟೆ. ಬದಲಾಯಿಸುವ ದಿನ ಇಳಿಸಿದರೆ ಪ್ರಯೋಜನ ಇಲ್ಲ, ಹಳೇ ನಾಲ್ಕು ಗಂಟೆಯನ್ನು ಅಷ್ಟರಲ್ಲಿ ಎಲ್ಲರೂ ಬರೆದಿಟ್ಟುಕೊಂಡಿರುತ್ತಾರೆ.

ತೊಂದರೆ ಇದ್ದದ್ದು ಡಿಎನ್‌ಎಸ್ ನನ್ನ ಕೈಯಲ್ಲಿಲ್ಲದ 22 ಗಿರಾಕಿಗಳದ್ದು. ಅವರ ಡೊಮೇನ್ ಬೇರೆಲ್ಲೋ ಇದೆ, ಅಲ್ಲಿ ಕೈಯಾರೆ ಹೊಸ ಐಪಿ ಹಾಕಬೇಕು. ಎರಡು ವಾರ ಫೋನ್ ಹಿಡಿದು ಕೂತೆ. ಒಂದು ಶಾಲೆಯ ಹೆಡ್‌ಮಾಸ್ಟರ್ ಹತ್ತಿರ ನಡೆದ ಮಾತು ಹೀಗೆ.

"ಸಾರ್, ನಿಮ್ಮ ಡೊಮೇನ್ ಲಾಗಿನ್ ಯಾರ ಹತ್ರ ಇದೆ?"

"ಅದು ನಮ್ಮ ಕಂಪ್ಯೂಟರ್ ಮೇಷ್ಟ್ರು ಮಾಡಿದ್ದು."

"ಅವರಿಗೆ ಕೊಡ್ತೀರಾ ಫೋನು?"

"ಅವರು ಬಿಟ್ಟು ನಾಲ್ಕು ವರ್ಷ ಆಯ್ತಲ್ಲ."

ಈಗ ಹೇಳಿ, 2009ರ ಸೆಂಟ್‌ಓಎಸ್ ಕಥೆ ದೊಡ್ಡದಾ ಇದು ದೊಡ್ಡದಾ? ಆ ಮೇಷ್ಟ್ರು ಈಗ ಬೆಂಗಳೂರಿನಲ್ಲಿ ಯಾವುದೋ ಕಂಪನಿಯಲ್ಲಿದ್ದಾರೆ ಅಂತ ಗೊತ್ತಾಗಿ, ಅವರ ಹಳೇ ವಿದ್ಯಾರ್ಥಿಯ ಮೂಲಕ ನಂಬರ್ ಸಿಕ್ಕಿ, ಅವರು ಹಳೇ ಮೇಲ್ ಪಾಸ್‌ವರ್ಡ್ ನೆನಪು ಮಾಡಿಕೊಂಡು ಒಳಗೆ ಹೋದರು. ಒಳ್ಳೆಯ ಮನುಷ್ಯ. ಪ್ರತಿ ವರ್ಷ ತನ್ನ ಕೈಯಿಂದಲೇ ಡೊಮೇನ್ ದುಡ್ಡು ಕಟ್ಟುತ್ತಿದ್ದರಂತೆ. 'ಶಾಲೆಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ' ಅಂದರು.

ಪಿಎಚ್‌ಪಿ ಭಾಷೆಯ ಹಳೇ 5ರಲ್ಲಿ ಬರೆದಿದ್ದ ಹನ್ನೊಂದು ಸೈಟುಗಳ ಕಥೆ ಬೇರೆಯೇ ಇದೆ. ಹೇಳಿದರೆ ನಿಮಗೂ ಬೇಜಾರು, ನನಗೂ ಬೇಜಾರು. ಬಿಟ್ಟುಬಿಡುತ್ತೇನೆ.

ಆ ಶನಿವಾರ ರಾತ್ರಿ ಕೊನೆಯ ಸುತ್ತಿನ ನಕಲು. ಫೈಲುಗಳೆಲ್ಲ ಮೊದಲೇ ಹೋಗಿದ್ದವು, ಆಮೇಲೆ ಬದಲಾದದ್ದು ಮಾತ್ರ ಕಳಿಸಬೇಕು. ಕೆಲಸವನ್ನು ಸ್ಕ್ರೀನ್ ಅನ್ನೋ ಕಮಾಂಡ್ ಒಳಗೆ ಓಡಿಸಿದ್ದೆ. ಅದರಲ್ಲಿ ಓಡಿಸಿದರೆ ನಮ್ಮ ಕಡೆ ಇಂಟರ್ನೆಟ್ ಸತ್ತರೂ ಅಲ್ಲಿ ಕೆಲಸ ನಿಲ್ಲಲ್ಲ. ಮಲೆನಾಡಿನಲ್ಲಿ ಕೂತು ಸರ್ವರ್ ನೋಡಿಕೊಳ್ಳುವವರು ಮೊದಲು ಕಲಿಯಬೇಕಾದ ಕಮಾಂಡ್ ಅದು. ಒಂದೂಕಾಲಿಗೆ ಸರಿಯಾಗಿ ಕರೆಂಟೂ ಹೋಯಿತು, ಇಂಟರ್ನೆಟ್ಟೂ ಹೋಯಿತು. ಆಫೀಸಿನ ಹುಡುಗ ಟಾರ್ಚ್ ಹಿಡಿದ, ನಾನು ಮೊಬೈಲ್ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಸೇರಿಸಿದೆ. ಒಂದು ಕಡ್ಡಿ ಸಿಗ್ನಲ್. ಮತ್ತೆ ಒಳಗೆ ಹೋಗಿ ನೋಡಿದರೆ ಸಾಲುಗಳು ಓಡುತ್ತಲೇ ಇವೆ, ನಮ್ಮ ಕತ್ತಲೆ ಅದಕ್ಕೆ ಗೊತ್ತೇ ಇಲ್ಲ. ನಾಲ್ಕು ಗಂಟೆಗೆ ಡಿಎನ್‌ಎಸ್ ತಿರುಗಿಸಿದೆ. ಹಳೇ ಸರ್ವರಿಗೆ ಬಂದವರನ್ನೂ ಹೊಸದಕ್ಕೆ ಕಳಿಸುವ ಹಾಗೆ ಮಾಡಿ ಮಲಗಿದೆ.

ಭಾನುವಾರ ಒಂದೂ ಫೋನ್ ಬರಲಿಲ್ಲ. ಗೆದ್ದೆ ಅಂದುಕೊಂಡೆ.

ಸೋಮವಾರ ಬೆಳಗ್ಗೆ ಏಳೂವರೆಗೆ ತೀರ್ಥಹಳ್ಳಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರ ಫೋನು. ಅವರು ಗಾದೆಗಳನ್ನು ಕೂಡಿಹಾಕಿ ಒಂದು ಸೈಟ್ ಮಾಡಿದ್ದಾರೆ. ನಾಲ್ಕು ಸಾವಿರಕ್ಕೂ ಜಾಸ್ತಿ ಗಾದೆ, ಎಲ್ಲ ಅವರೇ ಕೂತು ಟೈಪ್ ಮಾಡಿದ್ದು.

"ಎಂತ ಮಾರಾಯಾ, ನನ್ನ ಗಾದೆಗಳಿಗೆ ಎಂತ ಆಯ್ತು? ಬರೀ ಎರಡು, ಮೂರು, ಎರಡು, ಎರಡು ಅಂತ ಮಗ್ಗಿ ಬರ್ತಾ ಇದೆ."

ತೆರೆದು ನೋಡಿದೆ. ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಕನ್ನಡ ಒಂದಕ್ಷರವೂ ಇಲ್ಲ. ಪುಟದ ತುಂಬ ತಲೆ ಮೇಲೆ ಗೀರು ಎಳೆದ ಇಂಗ್ಲಿಷ್ ಎ, ಅದರ ಪಕ್ಕ ಮೇಲಕ್ಕೆ ಏರಿದ ಪುಟ್ಟ 2 ಅಥವಾ 3, ಆಮೇಲೊಂದು ಏನೋ ಚಿಹ್ನೆ. ಮತ್ತೆ ಎ, ಮತ್ತೆ 2.

ಮೇಷ್ಟ್ರು ಮಗ್ಗಿ ಅಂದದ್ದು ಸರಿಯಾಗೇ ಇತ್ತು. ಯೂನಿಕೋಡ್ ಕನ್ನಡದ ಪ್ರತಿ ಅಕ್ಷರವೂ ಯುಟಿಎಫ್-8ರಲ್ಲಿ, ಅಂದರೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ನಂಬರುಗಳಾಗಿ ಬರೆದಿಡುವ ಪದ್ಧತಿಯಲ್ಲಿ, ಮೂರು ಬೈಟ್. ಮೊದಲನೇ ಬೈಟ್ ಎಲ್ಲದಕ್ಕೂ ಒಂದೇ. ಎರಡನೆಯದು ಎರಡರಲ್ಲಿ ಒಂದು. ಅ, ಕ, ಮ ಥರದವಕ್ಕೆ ಒಂದು, ಕೊಂಬು, ಏತ್ವ ಥರದವಕ್ಕೆ ಇನ್ನೊಂದು. ಈ ಬೈಟುಗಳನ್ನು ಯುರೋಪಿನ ಹಳೇ ಲ್ಯಾಟಿನ್ ಪಟ್ಟಿಯ ಪ್ರಕಾರ ಓದಿದರೆ ಮೊದಲನೆಯದು ಗೀರು ಎಳೆದ ಎ, ಎರಡನೆಯದು ಪುಟ್ಟ 2 ಅಥವಾ 3. 'ಕ' ಅಂದರೆ ಎ, 2, ಒಂದು ದಪ್ಪ ಚುಕ್ಕಿ. ನಮ್ಮ ಇಡೀ ವರ್ಣಮಾಲೆ ಆ ಪಟ್ಟಿಯ ಕಣ್ಣಿಗೆ ಹಾಗೆ ಕಾಣುತ್ತೆ.

ಕಾರಣ ಹುಡುಕೋಕೆ ಅರ್ಧ ಗಂಟೆ ಹಿಡಿಯಿತು. ಮೇಷ್ಟ್ರ ಸೈಟನ್ನು ಬರೆದವರು ಡೇಟಾಬೇಸಿಗೆ 'ಇದು ಕನ್ನಡ, ಯುಟಿಎಫ್-8' ಅಂತ ಯಾವತ್ತೂ ಹೇಳಿರಲಿಲ್ಲ. ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಹಳೇ ಮೈಎಸ್‌ಕ್ಯೂಎಲ್ 5.7 ಏನೂ ಹೇಳದಿದ್ದರೆ ಲ್ಯಾಟಿನ್ ಅಂದುಕೊಳ್ಳುತ್ತಿತ್ತು. ಕನ್ನಡದ ಬೈಟುಗಳನ್ನು ಲ್ಯಾಟಿನ್ ಅಂತ ತಿಳಿದು ಒಳಗಿಟ್ಟುಕೊಂಡು, ಕೇಳಿದಾಗ ಹಾಗೇ ತಿರುಗಿ ಕೊಡುತ್ತಿತ್ತು. ಒಳಗೂ ತಪ್ಪು, ಹೊರಗೂ ಅದೇ ತಪ್ಪು, ಹಾಗಾಗಿ ಸೈಟಿನಲ್ಲಿ ಕನ್ನಡ ಸರಿಯಾಗೇ ಕಾಣುತ್ತಿತ್ತು. ಹೊಸ ಸರ್ವರಿನ ಮೈಎಸ್‌ಕ್ಯೂಎಲ್ 8 ಏನೂ ಹೇಳದಿದ್ದರೆ ಯುಟಿಎಫ್-8 ಅಂದುಕೊಳ್ಳುತ್ತದೆ. ಅದು ಒಳಗಿದ್ದ 'ಲ್ಯಾಟಿನ್' ಅನ್ನು ಬಹಳ ಶ್ರದ್ಧೆಯಿಂದ ಯುಟಿಎಫ್-8ಕ್ಕೆ ಬದಲಾಯಿಸಿ ಕೊಟ್ಟಿತು. ಇಷ್ಟು ವರ್ಷ ಎರಡು ತಪ್ಪು ಸೇರಿ ಒಂದು ಸರಿ ಆಗಿತ್ತು. ಒಂದು ತಪ್ಪು ತಿದ್ದಿಕೊಂಡ ತಕ್ಷಣ ಎಲ್ಲ ಕೆಟ್ಟಿತು.

ಸೈಟಿನ ಫೈಲಿನಲ್ಲಿ ಒಂದು ಸಾಲು ಸೇರಿಸಿ, 'ಹಳೇ ಥರವೇ ಮಾತಾಡು' ಅಂತ ಹೇಳಿದೆ. ಗಾದೆಗಳು ವಾಪಸ್ ಬಂದವು. ಆಮೇಲೆ ಸಾವಕಾಶವಾಗಿ ಆ ಕಾಲಮ್ಮುಗಳನ್ನು ಮೊದಲು ಬರೀ ಬೈಟುಗಳಾಗಿ ಬದಲಿಸಿ, ಅಲ್ಲಿಂದ ಯುಟಿಎಫ್-8 ಮಾಡಿ ಶಾಶ್ವತವಾಗಿ ಸರಿಪಡಿಸಿದೆ. ಆದರೆ ಭಾನುವಾರ ಸಂಜೆ ಮೇಷ್ಟ್ರು ಮೂರು ಹೊಸ ಗಾದೆ ಸೇರಿಸಿದ್ದರು. ಅವು ಮಾತ್ರ ಬರೀ ಪ್ರಶ್ನಾರ್ಥಕ ಚಿಹ್ನೆ. ಲ್ಯಾಟಿನ್ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗ ಇಲ್ಲವಲ್ಲ, ಅಕ್ಷರಕ್ಕೊಂದು ಪ್ರಶ್ನೆ ಇಟ್ಟು ಕೈ ತೊಳೆದುಕೊಂಡಿತ್ತು. ಹಾಗೆ ಮಾಡದೆ ತಪ್ಪು ಅಂತ ಕೂಗಿಕೊಳ್ಳುವ ಕಟ್ಟುನಿಟ್ಟಿನ ಮೋಡ್ ಒಂದಿದೆ. ಹಳೇ ಸೈಟುಗಳಿಗೆ ತೊಂದರೆ ಆಗದಿರಲಿ ಅಂತ ಅದನ್ನು ಆಫ್ ಮಾಡಿಟ್ಟವನು ನಾನೇ.

ಮೇಷ್ಟ್ರಿಗೆ ಫೋನ್ ಮಾಡಿ, ಆ ಮೂರನ್ನು ಹೇಳಿ, ನಾನೇ ಟೈಪ್ ಮಾಡುತ್ತೇನೆ ಅಂದೆ. ಮೂರೂ ಹೇಳಿದರು. ಆಮೇಲೆ, "ಇನ್ನೊಂದು ಬರ್ಕೋ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ."

"ಇದು ಆಗಲೇ ಇರಬೇಕಲ್ಲ ಮೇಷ್ಟ್ರೆ?"

"ಇದೆ. ನಿನಗೆ ಹೇಳಿದ್ದು."

ಅದೇ ವಾರ ಇನ್ನೊಂದು ಶಾಲೆಯ ಸೈಟಿನಲ್ಲಿ ಎಸ್‌ಎಸ್‌ಎಲ್‌ಸಿ ಟಾಪರ್‌ಗಳ ಪಟ್ಟಿ ಖಾಲಿ. ಡೇಟಾಬೇಸಿನಲ್ಲಿ ಮಕ್ಕಳ ಹೆಸರು, ಅಂಕ ಎಲ್ಲ ಇದೆ, ಪುಟದಲ್ಲಿ ಏನೂ ಇಲ್ಲ. ಆ ಟೇಬಲ್ಲಿನಲ್ಲಿ ರ‍್ಯಾಂಕ್ ಅಂತ ಒಂದು ಕಾಲಮ್ಮಿತ್ತು. ಮೈಎಸ್‌ಕ್ಯೂಎಲ್ 8ರಲ್ಲಿ ರ‍್ಯಾಂಕ್ ಅನ್ನೋದು ಅದರ ಸ್ವಂತ ಪದ. ಬೇರೆಯವರು ಹಾಗೇ ಬರೆದರೆ ಒಪ್ಪಲ್ಲ, ಉದ್ಧರಣ ಚಿಹ್ನೆಯಂಥ ಒಂದು ಗುರುತಿನೊಳಗೆ ಇಡಬೇಕು. ಡೇಟಾ ಸಾಗಿಸುವಾಗ ಉಪಕರಣ ತಾನೇ ಆ ಗುರುತು ಹಾಕಿಕೊಂಡಿದ್ದರಿಂದ ಎಲ್ಲ ಸಲೀಸಾಗಿ ಬಂದಿತ್ತು. ಪಟ್ಟಿ ತೆಗೆಯುವ ಸಾಲಿನಲ್ಲಿ ಮಾತ್ರ ಗುರುತಿರಲಿಲ್ಲ. ಎರಡು ಚುಕ್ಕೆಯಷ್ಟು ತಿದ್ದುಪಡಿ. ಶಾಲೆ ಅಂದಮೇಲೆ ರ‍್ಯಾಂಕ್ ಇಲ್ಲದ ಡೇಟಾಬೇಸ್ ಎಲ್ಲಿದೆ? ಉಳಿದ ಶಾಲೆಗಳದ್ದನ್ನೂ ಕೂತು ಹುಡುಕಿದೆ. ಇನ್ನೂ ಎರಡು ಸಿಕ್ಕವು.

ಒಂದು ಆಡಿಟರ್ ಆಫೀಸಿನಲ್ಲಿ ವಿಂಡೋಸ್ 7, ಅದರಲ್ಲಿ ಔಟ್‌ಲುಕ್ 2010. ಮೇಲ್ ಸಾಗುವಾಗ ಬೇರೆಯವರು ಓದದ ಹಾಗೆ ಹಾಕುವ ಬೀಗ ಟಿಎಲ್‌ಎಸ್. ಹೊಸ ಸರ್ವರ್ 1.2ಕ್ಕಿಂತ ಹಳೆಯ ಬೀಗ ಒಪ್ಪಲ್ಲ. ವಿಂಡೋಸ್ 7ರಲ್ಲಿ 1.2 ಇದೆ, ಆದರೆ ಮಲಗಿರುತ್ತೆ. ವಿಂಡೋಸಿನ ಒಳಗಿನ ಸೆಟ್ಟಿಂಗುಗಳ ಪಟ್ಟಿಯಾದ ರಿಜಿಸ್ಟ್ರಿಗೆ ಹೋಗಿ ಎಬ್ಬಿಸಬೇಕು. ಆದಾಯ ತೆರಿಗೆ ರಿಟರ್ನ್ಸ್ ತುಂಬೋಕೆ ಆ ವರ್ಷ ಜುಲೈ 31 ಕೊನೇ ದಿನವಾಗಿತ್ತು, ಆಡಿಟರು ಮೊದಲೇ ಬಿಸಿಯಾಗಿದ್ದರು. ಐದು ಕಂಪ್ಯೂಟರ್, ಐದು ಕಪ್ ಟೀ.

ಇಷ್ಟೆಲ್ಲ ಮುಗಿದು, ಜೂನ್ 30 ದಾಟಿ, ಸಕಾಲಕ್ಕೆ ದಾಟಿದೆನಲ್ಲ ಅಂತ ಉಸಿರು ಬಿಟ್ಟೆ. ಮಾರನೇ ದಿನವೇ, ಜುಲೈ 1ಕ್ಕೆ, ಓಪನ್‌ಎಸ್‌ಎಸ್‌ಎಚ್‌ನಲ್ಲಿ ದೊಡ್ಡ ತೂತು ಸಿಕ್ಕಿದೆ ಅಂತ ಕ್ವಾಲಿಸ್ ಸಂಸ್ಥೆಯವರು ಪ್ರಕಟಿಸಿದರು. ಸರ್ವರಿಗೆ ನಾವು ದೂರದಿಂದ ಒಳಗೆ ಹೋಗುವ ಬಾಗಿಲೇ ಅದು. ತೂತು ಇದ್ದದ್ದು 8.5ರಿಂದ 9.7ರವರೆಗಿನ ವರ್ಶನ್ನುಗಳಲ್ಲಿ. ಆಲ್ಮಾಲಿನಕ್ಸ್ 9ರಲ್ಲಿ ಆಗ ಇದ್ದದ್ದು 8.7. ಹಿಂದಿನ ದಿನ ತಾನೇ ಆಯಸ್ಸು ಮುಗಿದ ಸೆಂಟ್‌ಓಎಸ್ 7ರಲ್ಲಿ ಇದ್ದದ್ದು 7.4. ಅದಕ್ಕೆ ಏನೂ ಆಗಿಲ್ಲ! ಸತ್ತ ಮುದುಕ ಗಟ್ಟಿ, ಹೊಸ ಅಳಿಯನಿಗೆ ಜ್ವರ. ಆಫೀಸಿನ ಹುಡುಗ ನಗು ತಡೆದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ಆದರೆ ಆಲ್ಮಾದವರ ಪ್ಯಾಚ್ ತಡವಿಲ್ಲದೆ ಬಂತು. ಹಾಕಿದೆ, ಎರಡು ನಿಮಿಷ. ಮುದುಕನಿಗೆ ಮುಂದಿನ ಸಲ ಜ್ವರ ಬಂದಿದ್ದರೆ ಔಷಧಿ ಕೊಡೋಕೆ ಯಾರೂ ಇರುತ್ತಿರಲಿಲ್ಲ. ದುಡ್ಡು ಕೊಟ್ಟರೆ ಹಳೆಯದಕ್ಕೂ ಪ್ಯಾಚ್ ಮಾರುವವರು ಇದ್ದಾರೆ, ಅದು ಬೇರೆ ಮಾತು.

ಅವಧಿ ಮುಗಿದಮೇಲೆ ಹಳೇ ಸರ್ವರಿನಲ್ಲಿ ಸುಮ್ನೆ ಒಮ್ಮೆ ಅಪ್‌ಡೇಟ್ ಕಮಾಂಡ್ ಕೊಟ್ಟು ನೋಡಿದೆ. ಪ್ಯಾಕೇಜುಗಳ ಪಟ್ಟಿ ಕೊಡುತ್ತಿದ್ದ ಆ ವಿಳಾಸವೇ ಸಿಗುತ್ತಿಲ್ಲ ಅಂತ ಬಂತು. ಡಿಎನ್‌ಎಸ್‌ನಿಂದ ಹೆಸರನ್ನೇ ತೆಗೆದಿದ್ದರು. ಎಷ್ಟೋ ವರ್ಷ ದಿನಕ್ಕೆ ಒಂದು ಸಲವಾದರೂ ನನ್ನ ಮೆಷಿನ್ನುಗಳು ಹೋಗಿ ಬರುತ್ತಿದ್ದ ವಿಳಾಸ.

ಜುಲೈ ಕೊನೆಗೆ ಜರ್ಮನಿಯ ಸರ್ವರ್ ಆಫ್ ಮಾಡಿದೆ. ಆರು ವಾರ ಕಾದಿದ್ದೆ. ಇನ್ನು ಯಾರೂ ಅಲ್ಲಿಗೆ ಹೋಗುತ್ತಿಲ್ಲ ಅಂತ ಲಾಗ್ ನೋಡಿ ಖಾತ್ರಿ ಮಾಡಿಕೊಂಡಿದ್ದೆ. ಒಂದೇ ಒಂದು ಐಪಿಯಿಂದ ದಿನಾ ಐದಾರು ಮೇಲ್ ಹೋಗುತ್ತಿರುವುದು ಕಂಡಿತ್ತು. ಯಾವುದೋ ಸ್ಪ್ಯಾಮ್ ಇರಬೇಕು ಅಂತ ಬಿಟ್ಟಿದ್ದೆ.

ಮಾರನೇ ದಿನ ಹನ್ನೊಂದು ಗಂಟೆಗೆ ಒಂದು ಅಡಿಕೆ ಮಂಡಿಯಿಂದ ಫೋನ್. "ಏನ್ರೀ, ನಮ್ ಜೆರಾಕ್ಸ್ ಮೆಷಿನ್ ಸ್ಕ್ಯಾನ್ ಮಾಡಿದ್ದು ಮೇಲಿಗೆ ಬರ್ತಿಲ್ಲ. ಮೊನ್ನೆವರೆಗೂ ಬರ್ತಿತ್ತಲ್ರೀ." ಸ್ಕೂಟರ್ ಹತ್ತಿ ಎಪಿಎಂಸಿ ಯಾರ್ಡಿಗೆ ಹೋದೆ. ಅಡಿಕೆ ಮೂಟೆಗಳ ನಡುವೆ ಜಾಗ ಮಾಡಿಕೊಂಡು ಒಳಗೆ ಹೋದರೆ ಮೂಲೆಯಲ್ಲಿ ದೊಡ್ಡ ಮೆಷಿನ್. ಮೈಮೇಲೆಲ್ಲ ಅಡಿಕೆ ಧೂಳು. ಪುಟ್ಟ ಪರದೆಯಲ್ಲಿ ಮೆನು ಒಳಗೆ ಮೆನು ಇಳಿದು ಹೋದೆ. ಮೇಲ್ ಸರ್ವರ್ ಅನ್ನೋ ಜಾಗದಲ್ಲಿ ಹೆಸರಿನ ಬದಲು ನಾಲ್ಕು ನಂಬರುಗಳಿದ್ದವು. ಜರ್ಮನಿಯ ಹಳೇ ಐಪಿ. ಯಾವ ಪುಣ್ಯಾತ್ಮ ಹಾಕಿದ್ದು ಇದನ್ನ ಅಂತ ಮನಸ್ಸಲ್ಲೇ ಬೈದುಕೊಂಡೆ. ಮೆಷಿನ್ನಿನ ಪಕ್ಕಕ್ಕೆ ಒಂದು ಹಳದಿ ಸ್ಟಿಕ್ಕರ್ ಅಂಟಿಸಿತ್ತು. ಅದರ ಮೇಲೆ ಅದೇ ನಾಲ್ಕು ನಂಬರು, ಕೆಳಗೆ 2016ರ ಒಂದು ತಾರೀಕು. ನನ್ನದೇ ಕೈಬರಹ.

ಆ ಪರದೆಯಲ್ಲಿ ಒಂದೊಂದು ಅಕ್ಷರಕ್ಕೂ ಬಾಣದ ಗುಂಡಿ ಒತ್ತಿ ಒತ್ತಿ ಹೋಗಬೇಕು. ಈ ಸಲ ಐಪಿ ಹಾಕಲಿಲ್ಲ, ಸರ್ವರಿನ ಹೆಸರೇ ಹಾಕಿದೆ, ಇಪ್ಪತ್ತೊಂದು ಅಕ್ಷರ. ಪರೀಕ್ಷೆಗೆ ಏನಾದರೂ ಕಾಗದ ಕೊಡಿ ಅಂದೆ. ಮೇಜಿನ ಮೇಲಿದ್ದ ಒಂದು ತೂಕದ ಚೀಟಿ ಕೊಟ್ಟರು. ಗಾಜಿನ ಮೇಲಿಟ್ಟು ಗುಂಡಿ ಒತ್ತಿದೆ. ಬೆಳಕು ಆ ಕಡೆಯಿಂದ ಈ ಕಡೆಗೆ ಹೋಯಿತು. ಮಾಲೀಕರು ಮೊಬೈಲ್ ಹಿಡಿದು ಕಾಯುತ್ತಿದ್ದರು.

"ಬಂತು," ಅಂದರು. "ಅಲ್ರೀ, ಇದ್ದಕ್ಕಿದ್ದಂಗೆ ಇದು ಯಾಕೆ ಕೆಟ್ಟಿದ್ದು?"

"ಧೂಳು ಸಾರ್," ಅಂದೆ.